ಪೊಟ್ಟಣದಲ್ಲಿ ಏನಿದೆ ಎಂದು ಬರೆಸಿಕೊಡಿ

ಆಯುಷ್ ಔಷಧಗಳ ಮೇಲ್ವಿಚಾರಣೆ ನೋಡುವ ಅಧಿಕಾರಿಗಳಿಗೆ,



ನನ್ನ ಅಮ್ಮನಿಗೆ 20 ವರ್ಷದಿಂದ ಉಬ್ಬಸ. ಕಳೆದ ಚಳಿಗಾಲದಲ್ಲಿ ನೆಂಟರ ಮಾತು ಕೇಳಿ ಬೆಂಗಳೂರಿನ ನಮ್ಮ ಬಡಾವಣೆಯ ಸಿದ್ಧವೈದ್ಯರೊಬ್ಬರ ಬಳಿ ಹೋದೆವು. ನಾಡಿ ಹಿಡಿದರು, ಮೊಸರು, ಬಾಳೆಹಣ್ಣು ಬಿಡಿ ಎಂದರು, ತಿಂಗಳಿಗೆಂದು ಕಂದು ಪುಡಿಯ 60 ಪೊಟ್ಟಣ ಕಟ್ಟಿಕೊಟ್ಟರು. ಹೊರಡುವಾಗ, ‘ಆ ಪಂಪು ಇನ್ನು ಮುಟ್ಟಬೇಡಿ, ಚಟ ಹಿಡಿಸುತ್ತೆ’ ಎಂದರು. ಅಮ್ಮ ಇನ್ಹೇಲರನ್ನು ಬೀರುವಿನಲ್ಲಿ ಸೀರೆಗಳ ಹಿಂದೆ ಇಟ್ಟುಬಿಟ್ಟರು.

ಹನ್ನೊಂದನೇ ರಾತ್ರಿ ಎರಡು ಗಂಟೆಗೆ ಎದ್ದು ನೋಡಿದರೆ ಮಂಚದ ಅಂಚಿನಲ್ಲಿ ಎರಡೂ ಕೈ ಮೊಣಕಾಲಿಗೆ ಊರಿ ಕೂತಿದ್ದಾರೆ. ‘ನೀರು’ ಎನ್ನುವುದಕ್ಕೂ ಉಸಿರಿಲ್ಲ. ಆಸ್ಪತ್ರೆಯಲ್ಲಿ ನೆಬ್ಯುಲೈಸರ್, ಆಮ್ಲಜನಕ, ಮೂರು ದಿನ. ಏನು ಔಷಧಿ ಕೊಡುತ್ತಿದ್ದಿರಿ ಎಂದು ಡಾಕ್ಟರು ಕೇಳಿದರು. ಪೊಟ್ಟಣ ಬಿಚ್ಚಿ ತೋರಿಸಿದೆ. ಹಿಪ್ಪಲಿಯ ಘಾಟು ಹೊಡೆಯಿತು, ಅಷ್ಟೇ. ಮೇಲೆ ಇದ್ದದ್ದು ‘ಜೇನಲ್ಲಿ, ಬೆ-ರಾ’ (ಬೆಳಿಗ್ಗೆ, ರಾತ್ರಿ) ಎಂಬ ಪೆನ್ನಿನ ಗೀಚು.

ಸಿದ್ಧ ಪದ್ಧತಿಯ ಮೇಲೆ ನನಗೆ ಸಿಟ್ಟಿಲ್ಲ. ತಮಿಳುನಾಡಿನ ಸಿದ್ಧವೈದ್ಯರು ಕೆಮ್ಮು ದಮ್ಮಿಗೆ ಕೊಡುವ ಆಡಾತೊಡೈ ನಮ್ಮ ಬೇಲಿಯ ಆಡುಸೋಗೆಯೇ. ಅದರ ವಾಸಿಸಿನ್ ಎಂಬ ಸತ್ವದ ಜಾಡು ಹಿಡಿದೇ ಕಫ ಸಡಿಲಿಸುವ ಬ್ರೋಮ್‌ಹೆಕ್ಸಿನ್ ಮಾಡಿದರು. ಆದರೆ ಅದೇ ಪದ್ಧತಿಯಲ್ಲಿ ಪಾದರಸ, ಪಾಷಾಣ, ಉಮ್ಮತ್ತಿಗಳೂ ಉಂಟು. ಬಲ್ಲವರು ಶುದ್ಧಿಮಾಡಿ, ತೂಗಿ ಕೊಡಬೇಕಾದವು. ನಮ್ಮ ಪುಡಿಯಲ್ಲಿ ಯಾವುದಿತ್ತು?

ಯೋಗದ ಮೇಲೂ ನನಗೆ ಸಿಟ್ಟಿಲ್ಲ. ಬೆಂಗಳೂರಿನ ಡಾ. ಆರ್. ನಾಗರತ್ನ ಮತ್ತು ಡಾ. ಎಚ್.ಆರ್. ನಾಗೇಂದ್ರ 53 ಉಬ್ಬಸ ರೋಗಿಗಳಿಗೆ ದಿನಕ್ಕೆ 65 ನಿಮಿಷದ ಯೋಗಾಭ್ಯಾಸ ಹೇಳಿಕೊಟ್ಟು, ಅಷ್ಟೇ ಮಂದಿಯ ಇನ್ನೊಂದು ಗುಂಪಿನೊಡನೆ ಹೋಲಿಸಿ, 1985ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಯೋಗ ಮಾಡಿದವರಿಗೆ ದಮ್ಮು ಬರುವುದು ಕಡಿಮೆಯಾಗಿತ್ತು, ಔಷಧಿಯ ಬಳಕೆಯೂ ಇಳಿದಿತ್ತು. ಅಭ್ಯಾಸ ಮೊದಲು, ಇಳಿತ ಆಮೇಲೆ. ನಮ್ಮ ವೈದ್ಯರು ಅದನ್ನು ತಿರುವುಮುರುವು ಮಾಡಿ ಇನ್ಹೇಲರನ್ನೇ ಮೊದಲು ಬಿಡಿಸಿದರು.

ಕಂಪನಿ ತಯಾರಿಸಿ ಮಾರುವ ಸಿದ್ಧ ಔಷಧಿಯ ಲೇಬಲ್ಲಿನಲ್ಲಿ ಪದಾರ್ಥಗಳ ಪಟ್ಟಿ, ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ ಇರಬೇಕೆಂದು ನಿಯಮವಿದೆ. ವೈದ್ಯರು ತಮ್ಮ ರೋಗಿಗೆಂದೇ ತಯಾರಿಸಿಕೊಡುವ ಔಷಧಿಗೆ ಮಾತ್ರ ಕಾನೂನಿನಲ್ಲಿ ವಿನಾಯಿತಿ. ಹಳ್ಳಿಯ ನಾಟಿ ಪಂಡಿತರು ಉಳಿಯಲಿ ಎಂದೇ ಅದನ್ನು ಇಟ್ಟಿರಬಹುದು, ಒಪ್ಪುತ್ತೇನೆ. ಆದರೆ ಆ ಬಾಗಿಲಲ್ಲಿ ಈಗ ಯಾರು ಬೇಕಾದರೂ ನುಗ್ಗುತ್ತಿದ್ದಾರೆ. ಪೊಟ್ಟಣದ ಜೊತೆ ಪದಾರ್ಥಗಳ ಹೆಸರು, ಕೊಟ್ಟವರ ನೋಂದಣಿ ಸಂಖ್ಯೆ ಬರೆದ ಒಂದು ಚೀಟಿ ಕಡ್ಡಾಯ ಮಾಡಿಸಿ. ಇನ್ಹೇಲರ್ ಬಿಡಿಸುವ ಮಾತನ್ನು, ಅದನ್ನು ಬರೆದುಕೊಟ್ಟ ಡಾಕ್ಟರನ್ನು ಕೇಳದೆ ಯಾರೂ ಆಡದಂತೆ ಸೂಚನೆ ಹೊರಡಿಸಿ.

ಅಮ್ಮ ಈಗ ಬೆಳಿಗ್ಗೆ ಪ್ರಾಣಾಯಾಮಕ್ಕೆ ಕೂರುತ್ತಾರೆ, ಇನ್ಹೇಲರ್ ಚಾಪೆಯ ಪಕ್ಕದಲ್ಲೇ ಇರುತ್ತದೆ. ಉಳಿದ 38 ಪೊಟ್ಟಣ ನನ್ನ ಬಳಿ ಇವೆ. ಪರೀಕ್ಷೆಗೆ ಕೇಳಿದರೆ ತಂದುಕೊಡುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ನಾಗರಿಕ