ಬಲೆ ಬೀಸುವವನಿಗೂ ನೀರಿನ ಹಕ್ಕು ಬೇಕು

ಮೀನುಗಾರಿಕೆಯೆಂದರೆ ಮಂಗಳೂರು, ಕಾರವಾರದ ಮಾತು. ಸಮುದ್ರವಿಲ್ಲದ ಬೀದರಕ್ಕೆ ಅದರ ಗೊಡವೆ ಏಕೆಂದು ಕೆಲವರು ಕೇಳುತ್ತಾರೆ. ಭಾಲ್ಕಿ ತಾಲೂಕಿನ ಬ್ಯಾಲಹಳ್ಳಿಯ ಬಳಿ ಕಾರಂಜಾ ಜಲಾಶಯವಿದೆ. ಭಾಲ್ಕಿ, ಔರಾದ ತಾಲೂಕುಗಳಲ್ಲಿ ಮಾಂಜರಾ ಹರಿಯುತ್ತದೆ. ಊರೂರಿಗೆ ಕೆರೆಗಳಿವೆ. ಈ ನೀರನ್ನೇ ನಂಬಿ ಬಲೆ ಹೊತ್ತು ಹೊರಡುವ ಕುಟುಂಬಗಳೂ ಇವೆ.

ಈ ನೀರಿನ ಮೀನು ಯಾರದು? ಸರಕಾರವು ಹಿಡಿಯುವ ಹಕ್ಕನ್ನು ಗುತ್ತಿಗೆಗೆ ಕೊಡುತ್ತದೆ. ಹರಾಜಾದಲ್ಲಿ ಕೆರೆಯು ಹಣವುಳ್ಳವನ ಪಾಲಾಗುತ್ತದೆ. ಬಲೆಯುಳ್ಳವನು ಅವನ ಕೂಲಿಯಾಗುತ್ತಾನೆ. ಅವಧಿ ಮುಗಿಯುವುದರೊಳಗೆ ಹಾಕಿದ ಹಣ ಬಾಚಿಕೊಳ್ಳುವುದೇ ಗುತ್ತಿಗೆದಾರನ ಲೆಕ್ಕ. ಸಣ್ಣ ಕಣ್ಣಿನ ಬಲೆಗೆ ಮರಿಗಳು ಸಿಕ್ಕಿ ಸತ್ತರೆ ಅವನಿಗೇನು? ಅವನು ನಾಳೆ ಬೇರೆ ಕೆರೆ ಹಿಡಿದಾನು. ದಡದ ಮೀನುಗಾರನಿಗೆ ಬೇರೆ ಕೆರೆಯಿಲ್ಲ.

ಕಾಟ್ಲಾ, ರೋಹು ಮಳೆಗಾಲದ ಹರಿಯುವ ನೀರಿನಲ್ಲಿ ಮೊಟ್ಟೆಯಿಡುವ ಮೀನುಗಳು. ನಿಂತ ಕೆರೆಯಲ್ಲಿ ಅವು ಸಾಮಾನ್ಯವಾಗಿ ಮರಿ ಮಾಡುವುದಿಲ್ಲ. ಆದ್ದರಿಂದ ವರ್ಷವರ್ಷವೂ ಮರಿ ಬಿಡಬೇಕು, ಬೆಳೆಯುವ ತನಕ ಕಾಯಬೇಕು. ದಡದಲ್ಲೇ ಬದುಕುವವರಲ್ಲದೆ ಇನ್ನಾರು ಕಾದಾರು?

ಸಹಕಾರಿ ಸಂಘಗಳಿವೆಯಲ್ಲ ಎನ್ನಬಹುದು. ಸಂಘ ಬೇಕು, ನಿಜ. ಆದರೆ ಹೆಸರು ಮೀನುಗಾರರದು, ಬಂಡವಾಳ ಸಾಹುಕಾರನದು ಎಂದಾದರೆ ಅದು ಹಳೆಯ ಗುತ್ತಿಗೆಯೇ. ಬೋರ್ಡು ಮಾತ್ರ ಹೊಸದು. 1992ರ ಸಂವಿಧಾನದ 73ನೆಯ ತಿದ್ದುಪಡಿಯು ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳಲ್ಲಿ ಮೀನುಗಾರಿಕೆಯನ್ನೂ ಸೇರಿಸಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2014ರಲ್ಲಿ ಒಪ್ಪಿದ ಮಾರ್ಗಸೂಚಿಯೂ ಸಣ್ಣ ಮೀನುಗಾರರಿಗೆ ಆಡಳಿತದಲ್ಲಿ ಪಾಲು ಬೇಕೆನ್ನುತ್ತದೆ. ನದಿ, ಕೆರೆಗಳ ಮೀನುಗಾರರಿಗೂ ಅದು ಅನ್ವಯಿಸುತ್ತದೆ.

ನಮ್ಮ ಬೇಡಿಕೆ ದೊಡ್ಡದಲ್ಲ. ನಿಜವಾಗಿ ಬಲೆ ಬೀಸುವವರ ಸಂಘಕ್ಕೇ ನೀರನ್ನು ಒಪ್ಪಿಸಿರಿ, ಹರಾಜನ್ನು ನಿಲ್ಲಿಸಿರಿ. ಮರಿಗಳಿಗೂ ಬಲೆಗಳಿಗೂ ಕಡಿಮೆ ಬಡ್ಡಿಯ ಸಾಲ ಕೊಡಿರಿ. ಇಲ್ಲವಾದರೆ ಸಾಹುಕಾರ ಹಿಂಬಾಗಿಲಿನಿಂದ ಬರುತ್ತಾನೆ. ಬಲೆಯ ಕಣ್ಣೆಷ್ಟಿರಬೇಕು, ಯಾವ ತಿಂಗಳು ಹಿಡಿಯಬಾರದು ಎಂಬುದನ್ನು ಇಲಾಖೆಯ ತಿಳಿದವರೊಡನೆ ಕೂತು ಸಂಘವೇ ಗೊತ್ತುಮಾಡಲಿ. ಸಂಘದ ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಿ ಹೇಳಲಿ. ಕಾರಂಜಾಕ್ಕೆ ಹೊಲ ಕಳೆದುಕೊಂಡು ಪರಿಹಾರಕ್ಕಾಗಿ ದಶಕಗಳ ಕಾಲ ಹೋರಾಡಿದ ರೈತರಲ್ಲಿ ಈ ಕಸುಬಿಗೆ ಬರುವವರಿಗೂ ಸದಸ್ಯತ್ವ ಸಿಗಲಿ.

ಖಜಾನೆಗೆ ನಷ್ಟವೆಂದು ಅಧಿಕಾರಿಗಳು ಹೇಳಿಯಾರು. ಬರಿದಾದ ಕೆರೆಯಿಂದ ಯಾವ ಖಜಾನೆ ತುಂಬೀತು?

1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದು ನಿಂತರು. ಉಳುವವನಿಗೆ ಭೂಮಿ ಕೊಡುವ ಕಾನೂನು ಬಿಗಿಯಾಗಿ ಬರಲು 1974 ಆಗಬೇಕಾಯಿತು. ಬಲೆ ಬೀಸುವವನು ಅಷ್ಟು ಕಾಲ ಕಾಯಬೇಕೇ?