ಎಷ್ಟು ಓದಿದರೆ ಸಾಕು?

ಮಹಿಳಾ ಶಿಕ್ಷಣದ ಫಲ ಮೊದಲು ಕಾಣುವುದು ಮನೆಯ ಸಣ್ಣಪುಟ್ಟ ಕಾಗದಪತ್ರಗಳಲ್ಲಿ. ಬಸುರಿಯರಿಗೆ ಆರೋಗ್ಯ ಇಲಾಖೆ ಕೊಡುವ ತಾಯಿ ಕಾರ್ಡಿನಲ್ಲಿ ಅವರ ತೂಕ, ರಕ್ತದ ಪ್ರಮಾಣ, ಮಗುವಿನ ಲಸಿಕೆಯ ದಿನಾಂಕ ಎಲ್ಲವೂ ಇರುತ್ತವೆ. ಓದಬಲ್ಲವಳು ಒಂದೂವರೆ ತಿಂಗಳ ಚುಚ್ಚುಮದ್ದಿನ ದಿನ ನೋಡಿ ತಾನೇ ಹೊರಡುತ್ತಾಳೆ. ಓದು ಬಾರದವಳು ಆಶಾ ಕಾರ್ಯಕರ್ತೆ ಬಂದು ಕರೆಯುವವರೆಗೆ ಕಾಯಬೇಕು. ತಾಯಿಯ ಓದು ಹೆಚ್ಚಿದಂತೆ ಶಿಶುಮರಣ ತಗ್ಗುವುದನ್ನು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳು ಮತ್ತೆ ಮತ್ತೆ ತೋರಿಸಿವೆ. ಅನುಕೂಲಸ್ಥರ ಮನೆಯ ಹೆಣ್ಣುಮಕ್ಕಳೇ ಹೆಚ್ಚು ಓದುವುದೂ ಇದಕ್ಕೆ ಒಂದಷ್ಟು ಕಾರಣ, ಆದರೆ ಪೂರ್ತಿ ಕಾರಣವಲ್ಲ.

ಅಕ್ಷರ ಬಂದ ಮಾತ್ರಕ್ಕೆ ಈ ಫಲ ದಕ್ಕುವುದಿಲ್ಲ. ಎಷ್ಟು ವರ್ಷ ಓದಿದಳು ಎಂಬುದು ಮುಖ್ಯ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಮಹಿಳೆಯರ ಸಾಕ್ಷರತೆ ಶೇ. 68.08, ಪುರುಷರದು ಶೇ. 82.47. ಏಳನೆಯ ತರಗತಿಗೆ ಶಾಲೆ ಬಿಟ್ಟವಳೂ ಪದವೀಧರೆಯೂ ಈ ಲೆಕ್ಕದಲ್ಲಿ ಒಂದೇ. ಎಷ್ಟೋ ಹುಡುಗಿಯರ ಓದು ಕಡಿದುಹೋಗುವುದು ಏಳನೆಯ ತರಗತಿಯ ಆಚೀಚೆಯೇ. ಪ್ರಾಥಮಿಕ ಶಾಲೆ ಊರಲ್ಲಿರುತ್ತದೆ, ಹೈಸ್ಕೂಲು ಎಷ್ಟೋ ಕಡೆ ಪಕ್ಕದೂರಿನಲ್ಲಿ. ರಾಯಚೂರು, ಯಾದಗಿರಿ ಕಡೆ ಹತ್ತಿ ಬಿಡಿಸುವ ಹೊತ್ತಿಗೆ ದೊಡ್ಡವರೆಲ್ಲ ಹೊಲ ಸೇರಿದರೆ ಕೂಸು ನೋಡಿಕೊಳ್ಳುವ ಕೆಲಸ ಹುಡುಗಿಯ ಪಾಲಿಗೆ. ಕೆಲವೊಮ್ಮೆ ಹೊಲಕ್ಕೂ ಅವಳೇ. ತಿಂಗಳೊಪ್ಪತ್ತು ತಪ್ಪಿದ ಪಾಠ ಕೈಗೆ ಸಿಗದೆ ಶಾಲೆಯೇ ತಪ್ಪುತ್ತದೆ, ಆಮೇಲೆ ಮದುವೆಯ ಮಾತು. 2006–07ರಿಂದ ರಾಜ್ಯ ಸರ್ಕಾರ ಎಂಟನೆಯ ತರಗತಿಯವರಿಗೆ ಸೈಕಲ್ ಕೊಟ್ಟದ್ದು ದಾರಿಯ ತೊಡಕನ್ನು ಕಡಿಮೆ ಮಾಡಿತು. ಮನೆಗೆಲಸದ ತೊಡಕಿಗೆ ಅಂಥ ಸುಲಭದ ಮದ್ದಿಲ್ಲ.

ಬಡತನವೊಂದನ್ನೇ ದೂರಿ ಫಲವಿಲ್ಲ. ‘ಹೆಣ್ಣೊಂದು ಕಲಿತರೆ ಶಾಲೆಯೊಂದು ತೆರೆದಂತೆ’ ಎಂದು ಶಾಲೆಗಳ ಗೋಡೆಯ ಮೇಲೆ ಬರೆದಿರುತ್ತದೆ. ಮಾತು ಸುಳ್ಳಲ್ಲ, ಆದರೆ ಒಂದು ಕೊಕ್ಕೆಯಿದೆ: ಹೆಣ್ಣಿನ ಓದು ಮನೆಮಂದಿಯ ಒಳಿತಿಗೆ ಎಂದಾದ ಮೇಲೆ, ಎಷ್ಟು ಓದಿದರೆ ಸಾಕು ಎಂದು ತೀರ್ಮಾನಿಸುವವರೂ ಮನೆಮಂದಿಯೇ. ಮಗ ತನಗಾಗಿ, ತನ್ನ ಕೆಲಸಕ್ಕಾಗಿ ಓದುತ್ತಾನೆ. ಅವನ ವಿಷಯದಲ್ಲಿ ಈ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ಮಗಳೂ ತನಗಾಗಿಯೇ ಓದಿದರೆ ಮನೆಗೇನೂ ನಷ್ಟವಿಲ್ಲ, ತಾಯಿ ಕಾರ್ಡನ್ನು ಅವಳು ಹೇಗೂ ಓದುತ್ತಾಳೆ.

ಅರೆ ಓದಿನ ಬೆಲೆ ಊರಿನ ಮಟ್ಟದಲ್ಲಿ ತಿಳಿಯುವುದು ಗ್ರಾಮ ಪಂಚಾಯಿತಿಯಲ್ಲಿ. ಕರ್ನಾಟಕದಲ್ಲಿ ಅದರ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಸಹಿಯಷ್ಟೇ ಬರುವ ಸದಸ್ಯೆಯ ಹೆಸರಿನಲ್ಲಿ ಗಂಡನೋ ಮೈದುನನೋ ಕಡತ ಹಿಡಿದು ಓಡಾಡುವುದುಂಟು. ಓದು ಬರೆಹ ಇಲ್ಲದೆಯೂ ಅಧಿಕಾರಿಗಳನ್ನು ದಬಾಯಿಸಿ ಕೆಲಸ ಮಾಡಿಸಿಕೊಳ್ಳುವ ಗಟ್ಟಿಗಿತ್ತಿಯರೂ ಇಲ್ಲದಿಲ್ಲ. ಆದರೆ ಸಭೆಯಲ್ಲಿ ಆಡಿದ್ದೊಂದು, ನಡಾವಳಿ ಪುಸ್ತಕದಲ್ಲಿ ಬರೆದದ್ದೊಂದು ಎಂಬುದು ಪುಟ ತೆರೆದು ಓದಿದವರಿಗಷ್ಟೇ ಗೊತ್ತಾಗುತ್ತದೆ. ನೀರಿನ ಪೈಪಿಗೆ ಎಷ್ಟು ಹಣ ಬಂತು, ಯಾವ ಓಣಿಗೆ ಹೋಯಿತು ಎಂಬ ಲೆಕ್ಕ ಆ ಪುಟದಲ್ಲೇ ಇರುತ್ತದೆ.