ಜನವರಿ ಹೂ ನೋಡಿ ಗುಲಾಬಿ ತರಬೇಡಿ, ಆಗಸ್ಟ್ ಎಲೆ ನೋಡಿ ತನ್ನಿ

1/6

ಮೊದಲನೇ ಫೋಟೋ ನೋಡಿ ನಗಬೇಡಿ. ಅದೂ ಗುಲಾಬಿ ಗಿಡಾನೇ. ಆಶ್ಲೇಷ ಮಳೆ ಮುಗಿಯೋ ಹೊತ್ತಿಗೆ ನಮ್ಮನೆ ಅಂಗಳದಲ್ಲಿ ತೆಗೆದಿದ್ದು. ಒಂದೆಲೆ ಇಲ್ಲ. ನಾಲ್ಕು ಮುಳ್ಳಿನ ಕಡ್ಡಿ, ತುದೀಲಿ ಅರಳದೇ ಕಂದಾಗಿ ಕೊಳೆತ ಒಂದೇ ಒಂದು ಮೊಗ್ಗು. ಜನವರೀಲಿ ಸಾಗರ ಪೇಟೆಯಿಂದ 200 ರೂಪಾಯಿ ಕೊಟ್ಟು ತಂದಾಗ ಇದರಲ್ಲಿ ಅಂಗೈ ಅಗಲದ ಕೆಂಪು ಹೂವಿತ್ತು. ಆ ಫೋಟೋಗೆ ನೀವೆಲ್ಲ ಲೈಕ್ ಕೊಟ್ಟಿದ್ರಿ, ನೆನಪಿದೆಯಾ?

ಸ್ವೈಪ್ ಮಾಡಿ. ಎರಡನೇ ಫೋಟೋ ಅದೇ ದಿನದ್ದು, ಅದೇ ಅಂಗಳ, ನಾಲ್ಕು ಅಡಿ ಆಚೆ. ಇದಕ್ಕೂ ಎಲೆ ಮೇಲೆ ಕಪ್ಪು ಚುಕ್ಕೆ ಬಂದಿದೆ, ಕೆಳಗಿನ ಎಲೆ ಉದುರಿದೆ. ಆದ್ರೆ ಒಂದೇ ಗೊಂಚಲಲ್ಲಿ ಏಳು ಮೊಗ್ಗು. ಎರಡು ಕೊಳೆತಿವೆ, ಮೂರು ಅರಳಿವೆ, ಇನ್ನೆರಡು ಬಾಕಿ ಇವೆ. ಇದು ಫ್ಲೋರಿಬಂಡಾ.

ನನ್ನ ವಾದ ಇಷ್ಟೇ: ನಮ್ಮ ಕಡೆ ಅಂಗಳಕ್ಕೆ ಗುಲಾಬಿ ಬೇಕಂದ್ರೆ, ಮಳೆಗಾಲದಲ್ಲೂ ಬದುಕಿರೋ ಗಿಡ ತನ್ನಿ. ಫೋಟೋಗೆ ಚಂದ ಕಾಣೋ ಗಿಡ ಅಲ್ಲ.

(ಹೊಸಬರಿಗೆ: ಇದು ಸೊರಬ ತಾಲ್ಲೂಕಿನ ಉಳವಿ. ಚನ್ನಬಸವಣ್ಣನ ಉಳವಿ ಇರೋದು ಜೋಯಿಡಾದಲ್ಲಿ. ಅಲ್ಲಿಗೆ ಹೋಗಿ ನಮ್ಮನೆ ಹುಡುಕಬೇಡಿ.)

2/6

ನಮಗೆ "ಗುಲಾಬಿ" ಅಂದ ತಕ್ಷಣ ಕಣ್ಣಿಗೆ ಬರೋದು ಫೆಬ್ರವರಿ 14ರ ಗುಲಾಬಿ. ಉದ್ದ ಕಾಂಡ, ತುದೀಲಿ ಒಂದೇ ಹೂ. ಅದು ಹೈಬ್ರಿಡ್ ಟೀ ಜಾತಿ. ದೊಡ್ಡಬಳ್ಳಾಪುರ, ಹೊಸೂರು ಕಡೆ ಪಾಲಿಹೌಸ್ ಒಳಗೆ ಬೆಳೀತಾರೆ. ತಲೆ ಮೇಲೆ ಪ್ಲಾಸ್ಟಿಕ್ ಹೊದಿಕೆ, ಬುಡಕ್ಕೆ ಹನಿ ನೀರು. ಆ ಹೂವಿನ ಎಸಳ ಮೇಲೆ ಮಳೆ ಬಿದ್ದೇ ಇರಲ್ಲ. ಈಗ ಎಲ್ಲರ ರೀಲ್‌ನಲ್ಲೂ ಓಡ್ತಿರೋ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ನಡೆಯೋದೂ ಗಾಜಿನ ಮನೆ ಒಳಗೇ. ತಪ್ಪು ಅಂತಲ್ಲ. ಆದ್ರೆ ಸೂರಡಿ ಇರೋ ಹೂವಿನ ಜೊತೆ ನಮ್ಮ ಅಂಗಳದ ಗಿಡಕ್ಕೆ ಯಾಕೆ ಪೈಪೋಟಿ?

ಫ್ಲೋರಿಬಂಡಾ ಹುಟ್ಟಿದ್ದೇ ಹವಾಮಾನದ ಜೊತೆ ಗುದ್ದಾಡೋಕೆ. ಡೆನ್ಮಾರ್ಕಿನ ಪೌಲ್ಸೆನ್ ಕುಟುಂಬದವರು ಅಲ್ಲಿನ ಚಳಿ ತಡೆಯೋ ಗುಲಾಬಿ ಬೇಕು ಅಂತ, ಗೊಂಚಲು ಹೂವಿನ ಗಟ್ಟಿ ಜಾತಿ ಪಾಲಿಯಾಂಥಾವನ್ನ ಹೈಬ್ರಿಡ್ ಟೀ ಜೊತೆ ಕೂಡಿಸಿದ್ರು. 1924ರಲ್ಲಿ ಬಂದ 'ಎಲ್ಸೆ ಪೌಲ್ಸೆನ್' ಆ ಸಾಲಿನ ಹೆಸರಾಂತ ತಳಿ. ಆಮೇಲೆ 1958ರಲ್ಲಿ ಜರ್ಮನಿಯ ಕೋರ್ಡೆಸ್ ಅವರ ಬಿಳಿ 'ಐಸ್‌ಬರ್ಗ್' ಪ್ರಪಂಚ ಪೂರ್ತಿ ಓಡಾಡ್ತು. ನಮ್ಮ ದೇಶದಲ್ಲಿ ಗೋಧಿ ತಳಿಗಳ ವಿಜ್ಞಾನಿ ಬಿ.ಪಿ. ಪಾಲ್ ಅವರಿಗೂ ಗುಲಾಬಿ ಹುಚ್ಚು. 'ದೆಹಲಿ ಪ್ರಿನ್ಸೆಸ್', 'ಬಂಜಾರನ್' ಅವರು ಮಾಡಿದ ಫ್ಲೋರಿಬಂಡಾಗಳು.

ಗೊಂಚಲಿನ ಲೆಕ್ಕ ಸುಲಭ. ಒಂದು ಕಾಂಡಕ್ಕೆ ಒಂದೇ ಮೊಗ್ಗಿದ್ದು, ಅದು ಮಳೆಗೆ ಕೊಳೆತ್ರೆ ಆ ಸಲದ ಕಥೆ ಮುಗೀತು. ಗೊಂಚಲಲ್ಲಿ ಮೊಗ್ಗು ಒಂದಾದ ಮೇಲೊಂದು ಅರಳುತ್ತೆ. ಎರಡು ಹಾಳಾದ್ರೂ ಮೂರು ದಿನ ಹೊಳವಾದಾಗ ಉಳಿದಿದ್ದು ಅರಳುತ್ತೆ. ಅಡಿಕೆ, ಭತ್ತ ಮಾಡೋರ ಮನೆ ಮಕ್ಕಳಿಗೆ ಇದನ್ನ ಬಿಡಿಸಿ ಹೇಳಬೇಕಾ?

3/6

ಈಗ ನಾನು ಮಾಡಿದ ತಪ್ಪು. ಇದನ್ನ ಬರೆಯೋಕೇ ಈ ಸರಣಿ ಶುರು ಮಾಡಿದ್ದು.

ಹೋದ ವರ್ಷ ಪುನರ್ವಸು ಮಳೇಲಿ ದೊಡ್ಡ ಹೂವಿನ ಇನ್ನೊಂದು ಗಿಡಕ್ಕೆ ಚುಕ್ಕೆ ಬಿತ್ತು. ಆವತ್ತು ಶುಂಠಿಗೆ ಔಷಧಿ ಹೊಡೆದು ಪಂಪಲ್ಲಿ ಸ್ವಲ್ಪ ಉಳಿದಿತ್ತು. ಚೆಲ್ಲೋದ್ಯಾಕೆ ಅಂತ ನಾನೇ ಗುಲಾಬಿಗೆ ಹೊಡೆದೆ. ಮನೇಲಿ ಯಾರಿಗೂ ಹೇಳಲಿಲ್ಲ.

ಮಾರನೇ ಬೆಳಿಗ್ಗೆ ಅಜ್ಜಿ ಅದೇ ಗಿಡದಿಂದ ಎರಡು ಹೂ ಕೊಯ್ದು ಒಂದನ್ನ ದೇವರಿಗಿಟ್ರು, ಇನ್ನೊಂದನ್ನ ತಂಗಿ ಜಡೆಗೆ ಮುಡಿಸಿದ್ರು. ತಂಗಿ ಎರಡನೇ ಕ್ಲಾಸು. ಬಸ್ಸಿಗೆ ಕಾಯ್ತಾ ನಿಂತಾಗ ಜಡೆಯಿಂದ ಹೂ ತೆಗೆದು ಎಸಳು ಕಚ್ತಾ ಇದ್ಲು. ನಾವೆಲ್ಲ ಚಿಕ್ಕವರಿದ್ದಾಗ ಮಾಡಿದ್ದನ್ನೇ. ಓಡಿಹೋಗಿ ಉಗುಳಿಸಿ, ಬಾಯಿ ತೊಳೆಸಿದೆ. ಪುಣ್ಯಕ್ಕೆ ಏನೂ ಆಗಲಿಲ್ಲ. ಅಜ್ಜಿ ಬೈಯಲಿಲ್ಲ. "ಒಂದು ಮಾತು ಹೇಳಬಾರದಿತ್ತಾ?" ಅಂದ್ರು, ಅಷ್ಟೇ. ಬೈದಿದ್ರೆ ವಾಸಿ ಇತ್ತು.

ಯೋಚನೆ ಮಾಡಿ. ತರಕಾರಿಗಾದ್ರೆ ಔಷಧಿ ಹೊಡೆದ ಮೇಲೆ ಎಷ್ಟು ದಿನ ಕೊಯ್ಯಬಾರದು ಅಂತ ನೋಡ್ತೀವಿ. ಅಂಗಳದ ಹೂವಿಗೆ ಆ ಲೆಕ್ಕ ಯಾರಿಡ್ತಾರೆ? ಅದೇ ಹೂ ದೇವರ ತಲೆಗೆ, ಮಗುವಿನ ಜಡೆಗೆ, ಟೀಚರ್ ಕೈಗೆ ಹೋಗುತ್ತೆ. ವಿಷಕ್ಕೆ "ಔಷಧಿ" ಅಂತ ಹೆಸರಿಟ್ಟು ನಾವೇ ನಮಗೆ ಧೈರ್ಯ ಹೇಳ್ಕೊಂಡಿದ್ದೀವಿ.

ಅದಕ್ಕೇ ನನ್ನ ನಿಯಮ: ಪಂಪ್ ಇಲ್ಲದೇ ಬದುಕಲ್ಲ ಅನ್ನೋ ಗುಲಾಬಿಗೆ ನಮ್ಮ ಅಂಗಳದಲ್ಲಿ ಜಾಗ ಇಲ್ಲ.

4/6

ಹಾಗಾದ್ರೆ ಚುಕ್ಕೆ ರೋಗಕ್ಕೆ ಏನು ಮಾಡೋದು? ಮೊದಲು ಅದು ಹೇಗೆ ಬರುತ್ತೆ ನೋಡಿ. ಅದೊಂದು ಶಿಲೀಂಧ್ರ. ಎಲೆ ಸುಮಾರು 7 ಗಂಟೆ ಒದ್ದೆಯಾಗೇ ಇದ್ರೆ ಒಳಗೆ ಇಳಿಯುತ್ತೆ. ಬಿದ್ದ ಎಲೇಲಿ ಉಳ್ಕೊಂಡು, ಮಳೆ ಹನಿ ಸಿಡಿದಾಗ ಮತ್ತೆ ಮೇಲಕ್ಕೆ ಹತ್ತುತ್ತೆ. ಅಂದ್ರೆ ನಮ್ಮ ಕೆಲಸ ಎರಡೇ: ಎಲೆ ಬೇಗ ಒಣಗಬೇಕು, ಮಣ್ಣಿನ ನೀರು ಎಲೆಗೆ ಸಿಡಿಯಬಾರದು.

• ಸೂರಿನ ನೀರು ಬೀಳೋ ಜಾಗದಲ್ಲಿ ನೆಡಲೇಬೇಡಿ. ನನ್ನ ಮೊದಲ ಗಿಡ ಸತ್ತಿದ್ದು ಅಲ್ಲೇ.
• ದಿನಕ್ಕೆ 6 ಗಂಟೆ ಬಿಸಿಲು, ಅದರಲ್ಲೂ ಬೆಳಗಿನ ಬಿಸಿಲು ಬೇಕು. ಹಲಸಿನ ಮರದಡಿ ಆಗಲ್ಲ.
• ಗಿಡದಿಂದ ಗಿಡಕ್ಕೆ ಎರಡೂವರೆ ಮೂರು ಅಡಿ ಬಿಡಿ. ಗಾಳಿ ಆಡಬೇಕು.
• ಬುಡಕ್ಕೆ ದರಗು ಹೊದಿಸಿ, ಕಾಂಡಕ್ಕೆ ತಾಗದ ಹಾಗೆ. ಚುಕ್ಕೆ ಬಿದ್ದು ಉದುರಿದ ಗುಲಾಬಿ ಎಲೆಯನ್ನ ಮಾತ್ರ ಆರಿಸಿ ದೂರ ಹಾಕಿ.
• ಬೇಸಿಗೇಲಿ ನೀರು ಬುಡಕ್ಕೆ, ಬೆಳಿಗ್ಗೆ ಹೊತ್ತು. ಎಲೆ ಮೇಲೆ ಪೈಪ್ ಹಿಡಿಯಬೇಡಿ.
• ಮಳೆಗಾಲ ಮುಗಿದ ಮೇಲೆ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ನಮ್ಮ ಕೆಂಪು ಮಣ್ಣು ಹುಳಿ ಜಾಸ್ತಿ, ಅದಕ್ಕೆ ಸ್ವಲ್ಪ ಒಲೆ ಬೂದಿ.

ಇನ್ನು ಕತ್ತರಿ. ಮಳೆ ಹೊಯ್ತಿರುವಾಗ ಸವರಿದ್ರೆ ಕಡ್ಡಿ ತುದಿಯಿಂದ ಕಪ್ಪಾಗಿ ಒಣಗ್ತಾ ಬರುತ್ತೆ. ಚಿತ್ತೆ ಮಳೆ ಹಿಂದೆ ಸರಿಯೋವರೆಗೆ, ಅಂದ್ರೆ ಅಕ್ಟೋಬರ್ ಮೂರನೇ ವಾರದವರೆಗೆ ಕಾಯಿರಿ. ಆಮೇಲೆ ಒಣಕಲು ಕಡ್ಡಿ, ಒಳಕ್ಕೆ ಬೆಳೆದ ಕಡ್ಡಿ ತೆಗೆದು, ಉಳಿದಿದ್ದನ್ನ ಮೂರನೇ ಒಂದು ಭಾಗ ಮೊಟಕು ಮಾಡಿ. ಹೊರಗೆ ಮುಖ ಮಾಡಿದ ಕಣ್ಣಿನ ಮೇಲೆ ಓರೆಯಾಗಿ ಕತ್ತರಿಸಿ. ಒಂದೂವರೆ ಎರಡು ತಿಂಗಳಲ್ಲಿ ಹೂ.

5/6

"ಅಂಗಡಿಯವರಿಗೆ ಫ್ಲೋರಿಬಂಡಾ ಅಂದ್ರೆ ಗೊತ್ತಾಗಲ್ಲ" ಅಂತ ಮೂರು ಜನ ಮೆಸೇಜ್ ಹಾಕಿದ್ರಿ. ಆ ಹೆಸರೇ ಹೇಳಬೇಡಿ. "ಗೊಂಚಲು ಬಿಡುತ್ತಾ?" ಅಂತ ಕೇಳಿ. ಒಂದು ತುದೀಲಿ ಐದಾರು ಮೊಗ್ಗಿದ್ದು, ಹೂ ಬಟನ್ ರೋಸ್‌ಗಿಂತ ದೊಡ್ಡದಿದ್ರೆ ಬಹುತೇಕ ಅದೇ. ಸಾಧ್ಯ ಆದ್ರೆ ಮಳೆಗಾಲದಲ್ಲೇ ಒಮ್ಮೆ ನರ್ಸರಿಗೆ ಹೋಗಿ ನೋಡಿ. ಯಾವ ಗಿಡ ಎಲೆ ಉಳಿಸ್ಕೊಂಡಿದೆಯೋ ಅದನ್ನ ಗುರುತು ಮಾಡ್ಕೊಳ್ಳಿ.

ಇನ್ನೊಂದು ಪ್ರಶ್ನೆ: "ತಂದಾಗ ಹಳದಿ ಹೂ ಇತ್ತು, ಈಗ ಬೇರೆ ಏನೋ ಬಿಡ್ತಿದೆ, ಅಂಗಡಿಯವರು ಮೋಸ ಮಾಡಿದ್ರಾ?" ಇಲ್ಲ ಮಾರಾಯ್ರೆ. ನರ್ಸರಿ ಗುಲಾಬಿ ಸಾಮಾನ್ಯವಾಗಿ ಕಣ್ಣು ಕಸಿ ಮಾಡಿದ್ದು. ಬೇರು ಒಂದು ಕಾಡು ಜಾತೀದು, ಮೇಲಿನ ಗಿಡ ಬೇರೆ ಜಾತೀದು. ಕಸಿ ಗಂಟಿನ ಕೆಳಗಿಂದ ಬಂದ ಚಿಗುರು ಬೇರಿನ ಜಾತೀದು. ಅದನ್ನ ಬಿಟ್ರೆ ಮೇಲಿನ ಗಿಡವನ್ನೇ ನುಂಗುತ್ತೆ. ಕತ್ತರಿಸಿದ್ರೆ ಮತ್ತೆ ಬರುತ್ತೆ, ಅದಕ್ಕೇ ಬುಡದಿಂದ ಕಿತ್ತು ತೆಗೀರಿ. ನೆಡುವಾಗ ಕಸಿ ಗಂಟು ಮಣ್ಣಿಂದ ಮೇಲಿರಲಿ.

ಅಜ್ಜಿ ತಕರಾರೂ ಬರೀತೀನಿ, ಇಲ್ಲಾಂದ್ರೆ ಮೋಸ ಆಗುತ್ತೆ: "ನಿನ್ನ ಗೊಂಚಲು ಗುಲಾಬೀಲಿ ಪರಿಮಳ ಎಲ್ಲಿದೆ?" ನಿಜ. ಪನ್ನೀರು ಗುಲಾಬಿಯ ಪರಿಮಳ ನನ್ನ ಗಿಡದಲ್ಲಿಲ್ಲ. ಫ್ಲೋರಿಬಂಡಾಗೆ ರೋಗ ಬರಲ್ಲ ಅಂತಲೂ ಅಲ್ಲ, ಎರಡನೇ ಫೋಟೋದಲ್ಲೇ ಇದೆ ಸಾಕ್ಷಿ. ಆದ್ರೆ ಎಲೆ ಉದುರಿದ ಮೇಲೂ ಮತ್ತೆ ಚಿಗುರಿತು. ಪರಿಮಳ ಬೇಕಾದವರು ಪನ್ನೀರು ಗುಲಾಬಿ ಉಳಿಸ್ಕೊಳ್ಳಿ. ನಮ್ಮನೇಲಿ ಎರಡೂ ಇವೆ.

6/6

ಕೊನೇದಾಗಿ ನಮ್ಮಂಥ ಫೋಟೋ ಹಾಕೋರಿಗೆ. ನಾವು ಹಾಕೋದು ಡಿಸೆಂಬರ್ ಜನವರಿ ಹೂವಿನ ಫೋಟೋ ಮಾತ್ರ. ಅದನ್ನ ನೋಡಿದವರು ಅದೇ ಗಿಡ ತರ್ತಾರೆ. ಜುಲೈಲಿ ಬೋಳಾದಾಗ "ನನ್ನ ಕೈಗುಣ ಸರಿಯಿಲ್ಲ" ಅಂದ್ಕೊಂಡು ಕಿತ್ತೆಸೀತಾರೆ, ಇಲ್ಲಾ ನನ್ನ ಹಾಗೆ ಪಂಪ್ ಎತ್ಕೊಳ್ತಾರೆ. ಕೈಗುಣ ಸರಿಯಾಗೇ ಇರುತ್ತೆ. ಗಿಡ ಈ ಮಳೆಗೆ ಆಗೋದಲ್ಲ, ಅಷ್ಟೇ. ಅದನ್ನ ಹೇಳೋ ಫೋಟೋ ಯಾರೂ ಹಾಕಿರಲಿಲ್ಲ. ನಾನೂ ಹಾಕಿರಲಿಲ್ಲ.

ಈ ವಾರ ನಿಮ್ಮನೆ ಗುಲಾಬಿ ಹೇಗಿದೆಯೋ ಹಾಗೇ ಒಂದು ಫೋಟೋ ಹಾಕಿ. ಚುಕ್ಕೆ, ಬೋಳು ಕಡ್ಡಿ, ಕೊಳೆತ ಮೊಗ್ಗು, ಎಲ್ಲಾ ಇರಲಿ. ಊರ ಹೆಸರು ಬರೀರಿ. ಸೊರಬ, ಆನವಟ್ಟಿ, ಶಿಕಾರಿಪುರ, ಸಾಗರ, ಎಲ್ಲಿ ಯಾವ ಗಿಡ ತಡ್ಕೊಂಡಿದೆ ಅಂತ ನಮಗೇ ಗೊತ್ತಾಗುತ್ತೆ.

ಅಕ್ಟೋಬರ್‌ನಲ್ಲಿ ನನ್ನ ಗಿಡ ಸವರಿದಾಗ ಪೆನ್ಸಿಲ್ ದಪ್ಪದ ಹತ್ತು ಹನ್ನೆರಡು ಕಡ್ಡಿ ಸಿಗುತ್ತೆ. ಒದ್ದೆ ಬಟ್ಟೇಲಿ ಸುತ್ತಿ ಕ್ಲಾಸಿಗೆ ತರ್ತೀನಿ. ಎಲ್ಲಾ ಬೇರು ಬಿಡಲ್ಲ, ನಾಲ್ಕರಲ್ಲಿ ಒಂದು ಹಿಡಿದ್ರೂ ಸಾಕು. ಕಡ್ಡಿಯಿಂದ ಬಂದ ಗಿಡಕ್ಕೆ ಕಾಡು ಬೇರಿನ ಕಾಟವೂ ಇಲ್ಲ. ಬೇಕಾದವರು ಕಮೆಂಟಲ್ಲಿ "ಕಡ್ಡಿ" ಅಂತ ಹಾಕಿ. ದುಡ್ಡು ಬೇಡ. ಪಂಪ್ ಮುಟ್ಟಲ್ಲ ಅಂತ ಮಾತು ಕೊಡಿ, ಸಾಕು.

#ಅಂಗಳದಗುಲಾಬಿ #ಉಳವಿ #ಸೊರಬ #ಮಳೆಗಾಲದಗಿಡ #ಗೊಂಚಲುಗುಲಾಬಿ